ಗುದ್ದಿ ಕಲಿತ ಕಂಪ್ಯೂಟರ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಬೀಳುವಷ್ಟರಲ್ಲಿ ಮುಗಿಸಿಬಿಡುತ್ತೇನೆ, ಕೇಳಿ.

ನಮ್ಮಕ್ಕನಿಗೆ ಮಾರುಕಟ್ಟೆಯ ಮೂಲೆಯಲ್ಲೊಂದು ಹೊಲಿಗೆ ಅಂಗಡಿ. ಭಾವ ತೀರಿಕೊಂಡ ಮೇಲೆ ಅವಳ ಹೊಟ್ಟೆಪಾಡೆಲ್ಲ ಅದೇ. ಹೋದ ವರ್ಷ ಸರ್ಕಾರ ಆಜ್ಞೆ ಹೊರಡಿಸಿತು: ಕಂಪ್ಯೂಟರ್ ಬಾರದವರಿಗೆ ಅಂಗಡಿ ಲೈಸೆನ್ಸ್ ಇಲ್ಲ. ಬಡವರು ಹಿಂದುಳಿಯಬಾರದಂತೆ, ಅದಕ್ಕೇ ಅಂಗಡಿಯಿಂದಲೇ ಓಡಿಸುವ ಏರ್ಪಾಡು.

ತರಬೇತಿ ಪುಕ್ಕಟೆ. ಮೇಷ್ಟರು ಬಂದರು, ಕಂಪ್ಯೂಟರ್ ಬರಲಿಲ್ಲ. ಅದಕ್ಕೆ ಟೆಂಡರ್ ಆಗಬೇಕಿತ್ತು. ಬಣ್ಣದ ಡಬ್ಬಿಗೆ ಟೆಂಡರ್ ಬೇಡವಲ್ಲ? ಮೇಷ್ಟರು ಗೋದಾಮಿನ ಗೋಡೆ ತುಂಬ ಕೀಬೋರ್ಡ್ ಬರೆಸಿದರು. ಒಂದೊಂದು ಗುಂಡಿಯೂ ತಟ್ಟೆಯಗಲ. ತರಕಾರಿಯವಳು, ಬೀಗ ರಿಪೇರಿಯವನು, ನಮ್ಮಕ್ಕ, ಎಲ್ಲರೂ ಸಾಲಾಗಿ ನಿಂತು ಗೋಡೆ ಗುದ್ದಿ ಕಲಿತರು. ಅಕ್ಕ ಹಾರಿ 'ಎಂಟರ್' ಹೊಡೆದರೆ, ಯಾರೋ ಬಂದರೆಂದು ಪಕ್ಕದ ಮನೆಯವರು ಬಾಗಿಲು ತೆಗೆಯುತ್ತಿದ್ದರು.

ಪರೀಕ್ಷೆಯ ದಿನ ಇಲಾಖೆಯ ಸಾಹೇಬರು ನಿಜವಾದ ಕಂಪ್ಯೂಟರನ್ನೇ ಗೋದಾಮಿಗೆ ತಂದು ಮೇಜಿನ ಮೇಲಿಟ್ಟರು. ಅಕ್ಕ ಒಂದು ಗುಂಡಿ ಒತ್ತಿ, ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಸಾರ್, ಇದು ಕೆಟ್ಟೋಗಿದೆ."

"ಏನಾಗಿದೆಯಮ್ಮ?"

"ಒತ್ತಿದ್ರೆ ಒಳಗೆ ಹೋಗುತ್ತೆ. ನಮ್ದು ಗಟ್ಟಿಮುಟ್ಟಾಗಿತ್ತು. ಮಕ್ಕಳ ಆಟದ ಸಾಮಾನು ತಂದು ನಮ್ಮ ಹೊಟ್ಟೆ ಮೇಲೆ ಹೊಡೀತೀರಾ?"

"ಮೋಸ ಕಣಕ್ಕ, ಒಪ್ಕೋಬೇಡ!" ಎಂದು ಹಿಂದಿನಿಂದ ತರಕಾರಿಯವಳು ಕೂಗಿದಳು.

ಸಾಹೇಬರು ಕಾದು ನಿಂತವರ ಸಾಲನ್ನೊಮ್ಮೆ ನೋಡಿದರು. ಎಲ್ಲರೂ ಫೇಲಾದರೆ ಅವರ ಬಡ್ತಿ ಗೋತಾ. "ಆಯ್ತಮ್ಮ, ನಿಂಗೆ ಬರೋದ್ರಲ್ಲೇ ಬರಿ" ಎಂದರು. ಅಕ್ಕ ಗೋಡೆಗೆ ಧಬಧಬ ಗುದ್ದಿದಳು. ಸಾಹೇಬರು ಕನ್ನಡಕ ಏರಿಸಿ ಗೋಡೆಯನ್ನು ಓದಿದರು. "ಒಂದೂ ತಪ್ಪಿಲ್ಲ" ಎಂದು ಸಹಿ ಹಾಕಿದರು.

ಸುದ್ದಿ ಕೇಳಿ ರಾಜಧಾನಿ ಕುಣಿದಾಡಿತು. ಕರೆಂಟು ಬೇಡ, ಕೆಡುವುದಿಲ್ಲ, ಕಳ್ಳ ಹೊತ್ತೊಯ್ಯುವಂತಿಲ್ಲ! ಎಲ್ಲೆಲ್ಲೂ ಗೋಡೆ ಕಂಪ್ಯೂಟರ್ ಬರಲೆಂದು ಆದೇಶವಾಯಿತು. ಮೊದಲ ಮಾದರಿ ಕೇಂದ್ರಕ್ಕೆ ಮೊದಲು ಪಾಸಾದವಳ ಅಂಗಡಿಗಿಂತ ಒಳ್ಳೆಯ ಜಾಗ ಉಂಟೇ? ಲೈಸೆನ್ಸನ್ನು ಅಕ್ಕನ ಕೈಗಿಟ್ಟರು, ಹೊಲಿಗೆ ಮಿಷನ್ನನ್ನು ಬೀದಿಗಿಟ್ಟರು. ಅಂಗಡಿಯ ಗೋಡೆಗೆ ಕೀಬೋರ್ಡ್ ಬಳಿದರು.

ಉದ್ಘಾಟನೆಗೆ ಸಾಹೇಬರು ಟೈ ಕಟ್ಟಿಕೊಂಡು ಬಂದರು. ರಿಬ್ಬನ್ ತಂದಿದ್ದರು, ಕತ್ತರಿ ಮರೆತಿದ್ದರು.

"ನಿನ್ನ ಕತ್ತರಿ ಕೊಡಮ್ಮ."

"ಕೊಡ್ತೀನಿ ಸಾರ್. ಮೊದ್ಲು ನನ್ನ ಮಿಷನ್ ಒಳಗಿಡ್ಸಿ."

"ಅದು ಸರ್ಕಾರದ ನೀತಿಗೆ ವಿರುದ್ಧ."

"ಹೌದಾ?" ಎಂದ ಅಕ್ಕ ಎಡಗೈಯಲ್ಲಿ ಅವರ ಟೈ ಹಿಡಿದು, ಬಟ್ಟೆ ಎಂಥದ್ದೆಂದು ಉಜ್ಜಿ ನೋಡಿದಳು. ಬಲಗೈಯ ಕತ್ತರಿ ಬಾಯಿ ತೆರೆಯಿತು.

"ಮಿಷನ್ ಎತ್ರೋ!" ಎಂದು ಸಾಹೇಬರು ಅರಚಿದ್ದು ಇಡೀ ಮಾರುಕಟ್ಟೆಗೆ ಕೇಳಿತು. ಮಿಷನ್ ಒಳಗೆ ಹೋಯಿತು. ಅಕ್ಕ ಟೈ ಬಿಡಲಿಲ್ಲ. ಗೋಡೆಯನ್ನೂ ಅವರೇ ಒರೆಸಬೇಕೆಂದಳು. ಸಾಹೇಬರು ಒಂದು ಚಿಂದಿ ಬಟ್ಟೆ ಹಿಡಿದು ಮೊದಲ ಅಕ್ಷರದ ಮೇಲೆ... ಅರೆ, ಎದ್ದೇಬಿಟ್ರಾ ಸ್ವಾಮಿ? ಇನ್ನೂ ಒರೆಸೋಕೇ ಶುರು ಮಾಡಿಲ್ಲ ಅವರು, ಆ ಬಣ್ಣ ಒರೆಸಿದ್ರೆ ಹೋಗೋ ಜಾತಿಯದಲ್ಲ, ಅದಕ್ಕೇ ನಮ್ಮಕ್ಕ ಏನು ಮಾಡಿದ್ಲು ಅಂದ್ರೆ... ಸ್ವಾಮೀ, ಕೇಳಿಸ್ಕೊಂಡು ಹೋಗಿ!