ಹಿತ್ತಲಿನ ಚಾರ್‌ಬಾಗ್

ಅಮೆರಿಕದ ಡಿಯರ್‌ಬಾರ್ನಿನಲ್ಲಿ ವರ್ಷಗಟ್ಟಲೆ ಕಾರಿನ ಸಸ್ಪೆನ್ಷನ್ ಡಿಸೈನ್ ಮಾಡಿ ರಿಟೈರ್ ಆದ ನನ್ನ ಗಂಡ ಪಂಚಾಕ್ಷರಿ, ಮರುವಾರವೇ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಹಿತ್ತಲನ್ನು ಅಗೆಯತೊಡಗಿದರು. ಮೆಂತ್ಯ, ಟೊಮೆಟೊ ಹಾಕುತ್ತಾರೆಂದು ನಾನು ಖುಷಿಪಟ್ಟೆ. ನನ್ನ ಖುಷಿಗೆ ಆಯುಷ್ಯ ಕಮ್ಮಿ. ಅವರು ಮಾಡಹೊರಟದ್ದು ದಿಲ್ಲಿಯ ಹುಮಾಯೂನ್ ಸಮಾಧಿಯ ಸುತ್ತಲಿನ ಚಾರ್‌ಬಾಗ್ ತೋಟವನ್ನು. ಅಂದರೆ ಅದರ ಮರಿಯನ್ನು.

ಊಟಕ್ಕೆ ಕೂತರೆ ಅದೇ ಪುರಾಣ. ತೋಟವನ್ನು ಕಾಲುವೆಗಳಿಂದ ನಾಲ್ಕು ಭಾಗ ಮಾಡಬೇಕು, ನಡುವೆ ಎತ್ತರದ ಕಟ್ಟೆ ಇರಬೇಕು, ನೀರು ಹರಿಯುವುದು ಕಾಣಬೇಕು, ಇಳಿಜಾರು ಮಾತ್ರ ಕಣ್ಣಿಗೆ ಬೀಳಬಾರದು.

"ಅಷ್ಟ ದೊಡ್ಡ ತ್ವಾಟದಾಗ ಬರೇ ಇಳಿಜಾರಿನ ಮ್ಯಾಲ ನೀರು ಓಡಿಸ್ಯಾರ, ಪ್ರಭಾ!" ಎನ್ನುವರು.

"ಪಲ್ಯಾ ಆರಾಕತ್ತೈತಿ, ಉಣ್ರಿ," ಎನ್ನುತ್ತಿದ್ದೆ ನಾನು.

ಮಿಷಿಗನ್ನಿನ ನೆಲ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ. ಆದ್ದರಿಂದ ಕಟ್ಟೆಯ ಪಾಯಕ್ಕೆ ಅವರು ಎದೆಮಟ್ಟದ ಗುಂಡಿ ತೋಡಿದರು. ಬೇಲಿಯಾಚೆಯಿಂದ ಪಕ್ಕದ ಮನೆಯಾತ ಏನಿದು ಎಂದು ಕೇಳಿದ. ನನ್ನ ಗಂಡ ಎದೆಯುಬ್ಬಿಸಿ, ಇದು ಸಮಾಧಿ ತೋಟ ಎಂದರು. ಆತನ ಮುಖ ಬಿಳಿಚಿಕೊಂಡದ್ದು ಕಂಡು ಸಮಾಧಾನ ಬೇರೆ ಹೇಳಿದರು: ನಾವು ಲಿಂಗಾಯತರು, ಸತ್ತವರನ್ನು ಸುಡುವುದಿಲ್ಲ, ಊರ ಕಡೆ ನಮ್ಮ ಹೊಲದಲ್ಲೇ ಹೂಳುತ್ತೇವೆ, ಹೆದರುವಂಥದ್ದೇನೂ ಇಲ್ಲ!

ಮರುದಿನ ಮಗಳು ಚೇತನಾ ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದಳು.

"ಮಮ್ಮಿ, ನೇಬರ್ಸ್ ಥಿಂಕ್ ಡ್ಯಾಡ್ ಈಸ್ ಡಿಗ್ಗಿಂಗ್ ಎ ಗ್ರೇವ್."

"ಯಾರ್ದು?"

"ಯುವರ್ಸ್."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲಿ ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯ ಅಸೋಸಿಯೇಷನ್ ನಮ್ಮನ್ನು ಮೀಟಿಂಗಿಗೆ ಕರೆಯುವ ಹೊತ್ತಿಗೆ ಕಟ್ಟೆ ಎದ್ದಿತ್ತು, ನಾಲ್ಕೂ ಕಾಲುವೆಗಳಲ್ಲಿ ನೀರು ಹರಿದಿತ್ತು. ಅವರು ಒಪ್ಪದಿದ್ದರೆ ಎಲ್ಲವನ್ನೂ ಒಡೆದು, ಮುಚ್ಚಿ, ಹುಲ್ಲು ಬೆಳೆಸಬೇಕು. ನನ್ನ ಗಂಡನಿಗೆ ಊಟ ಸೇರಲಿಲ್ಲ.

ಮೀಟಿಂಗಿನಲ್ಲಿ ಅವರು ಇಳಿಜಾರಿನ ಲೆಕ್ಕ ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಪಿತ್ತ ನೆತ್ತಿಗೇರಿತು. ನನ್ನ ಗಂಡನನ್ನು ನಾನು ದಿನಾ ಬಯ್ಯುತ್ತೇನೆ, ಅದು ನನ್ನ ಹಕ್ಕು, ಕಂಡವರೆಲ್ಲ ನಗಬಾರದು. ಎದ್ದು ನಿಂತೆ.

ಬಾಯಿ ತೆರೆದರೆ ಊಟದ ಹೊತ್ತಿನ ಪುರಾಣವೆಲ್ಲ ನನ್ನ ಇಂಗ್ಲಿಷಿನಲ್ಲಿ ಹೊರಬಂತು. ಹುಮಾಯೂನ್ ಸಮಾಧಿ ತಾಜ್ ಮಹಲಿಗಿಂತ ಅರ್ಧ ಶತಮಾನಕ್ಕೂ ಹಿಂದಿನದು ಎಂದೆ. ಕೆಂಪು ಕಲ್ಲಿನ ಕಟ್ಟಡ, ಮೇಲೆ ಬಿಳಿ ಅಮೃತಶಿಲೆಯ ಗುಮ್ಮಟ. ಅದೂ ಒಂದಲ್ಲ, ಒಂದರೊಳಗೊಂದು ಎರಡು: ಹೊರಗಿನದು ದೂರದಿಂದ ನೋಡುವವರಿಗೆ, ಒಳಗಿನದು ಒಳಗೆ ನಿಂತು ತಲೆಯೆತ್ತುವವರಿಗೆ. ಸ್ವರ್ಗದಲ್ಲಿ ನಾಲ್ಕು ನದಿಗಳಿವೆಯೆಂದು ನಂಬಿದವರು ಅವನ್ನು ನೆಲಕ್ಕಿಳಿಸಿ ಮಾಡಿದ ತೋಟ. ಕಟ್ಟಿಸಿದವಳು ಹುಮಾಯೂನನ ಹೆಂಡತಿ ಬೇಗಾ ಬೇಗಂ, ಗಂಡ ಸತ್ತ ಮೇಲೆ.

"ನನ್ನ ಗಂಡ ಬದುಕಿದ್ದಾರೆ, ನಾನೂ ಬದುಕಿದ್ದೇನೆ, ಸರಿಯಾಗಿ ನೋಡಿಕೊಳ್ಳಿ," ಎಂದೆ. "ಆ ಕಟ್ಟೆಯ ಮೇಲೆ ನಾವು ಚಹಾ ಕುಡಿಯುತ್ತೇವೆ. ಅರಸರಿಗಿದ್ದಂಥ ತೋಟ ನಿಮ್ಮ ಸಬ್‌ಡಿವಿಷನ್ನಿನಲ್ಲಿದೆ. ಒಡೆಯುವ ಮುಂಚೆ ಬಂದು ನೋಡಿ."

ಯಾರೂ ನಗಲಿಲ್ಲ. ನನಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಗಂಡನ ಬಗ್ಗೆ ಅಂಥ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ನನ್ನ ಗಂಡನ ಕಡೆ ತಿರುಗಿದರು. "ತೋಟ ಇರಲಿ. ಆದರೆ ಅಲ್ಲಿ ಯಾರನ್ನೂ ಎಂದಿಗೂ ಹೂಳುವುದಿಲ್ಲ ಎಂದು ಈಗಲೇ ಮಾತು ಕೊಡಿ."

ಎಷ್ಟು ಸುಲಭದ ಮಾತು! ಪಂಚಾಕ್ಷರಿ ಕುರ್ಚಿಯಲ್ಲಿ ಕೂತು ಬೂಟಿನ ತುದಿ ನೋಡತೊಡಗಿದರು. ಮೊಣಕೈಯಿಂದ ತಿವಿದೆ. ನೋಡಿದರೆ ಅವರ ಕಣ್ಣು ತುಂಬಿತ್ತು.

"ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ನಮ್ಮ ಹೊಲದಾಗ ಅದಾರ," ಎಂದು ಪಿಸುಗುಟ್ಟಿದರು. "ನನಗಿಲ್ಲಿ ಹೊಲ ಎಲ್ಲೈತಿ, ಪ್ರಭಾ? ಇದೊಂದ ಇತ್ತು."

ಪಕ್ಕದ ಮನೆಯಾತ ಪೂರ್ತಿ ತಪ್ಪು ತಿಳಿದಿರಲಿಲ್ಲ. ಹಿತ್ತಲಲ್ಲಿ ಹೂಳಲು ಇಲ್ಲಿಯ ಕಾನೂನು ಒಪ್ಪುವುದಿಲ್ಲವೆಂದು ನನ್ನ ಗಂಡನಿಗೂ ಗೊತ್ತಿತ್ತು, ಆದರೂ ಆಸೆ ಇಟ್ಟುಕೊಂಡೇ ಅಗೆದಿದ್ದರು. ಸಭೆ ಕಾಯುತ್ತಿತ್ತು, ನನಗೆ ಅಳಲು ಪುರುಸೊತ್ತಿರಲಿಲ್ಲ.

"ಹುಮಾಯೂನ್ ತನ್ನ ಸಮಾಧಿ ತಾನ ಕಟ್ಕೊಂಡಿದ್ನೇನ್ರೀ?" ಎಂದು ಕನ್ನಡದಲ್ಲೇ ಗದರಿದೆ. "ನಿಮ್ಮದು ನಾ ನೋಡ್ಕೋತೀನಿ. ಸುಡಾಕ ಬಿಡೂದಿಲ್ಲ, ಮಣ್ಣಾಗ ಇಡ್ತೀನಿ, ಸುತ್ತ ತ್ವಾಟಾನೂ ಮಾಡಸ್ತೀನಿ. ಈಗ ಹ್ಞೂಂ ಅನ್ರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಅಲ್ಲಿ ಯಾರನ್ನೂ ಹೂಳುವುದಿಲ್ಲವೆಂದು ಇಂಗ್ಲಿಷಿನಲ್ಲಿ ಮಾತು ಕೊಟ್ಟರು.

"ನನಗೆ ನನ್ನ ಹೆಂಡತಿ ಬೇರೆ ಸಮಾಧಿ ಕಟ್ಟಿಸುತ್ತಾಳೆ," ಎಂದು ಇಡೀ ಸಭೆಗೆ ಕೇಳುವಂತೆ ಸೇರಿಸಿದರು.