ನೆರಳಿನ ಸಾಲು

ನಿರ್ದೇಶಕರು ಹೂಗುಚ್ಛವನ್ನು ಸಂಶೋಧಕಿಯ ಕೈಗೆ ತುರುಕಿ ಶವಪೆಟ್ಟಿಗೆಯತ್ತ ದೂಡಿದರು.

“ಅಷ್ಟು ವರ್ಷ ಅವರ ಕೈಕೆಳಗೆ ಇದ್ದವಳು ನೀನು. ಒಂದೆರಡು ಒಳ್ಳೇ ಮಾತು ಹೇಳಮ್ಮ.”

“ಒಂದಾದ್ರೂ ಗೊತ್ತಿದ್ರೆ ತಾನೇ ಹೇಳೋದು?”

“ಸತ್ತವರ ಮೇಲೆ ಎಂಥ ಹಗೆ?”

“ಬದುಕಿದ್ದಾಗ ತೀರಿಸ್ಕೊಳ್ಳೋಕೆ ನೀವೆಲ್ಲಿ ಬಿಟ್ರಿ?”

ಸುತ್ತ ನಿಂತವರು ಕೆಮ್ಮಿದರು. ಪೆಟ್ಟಿಗೆಯಲ್ಲಿದ್ದವನು ಪ್ರಯೋಗಾಲಯದ ಮುಖ್ಯಸ್ಥ. ಬೆನ್ನ ಹಿಂದೆ ಎಲ್ಲರಿಗೂ ಅವನು ‘ಮುಳ್ಳಪ್ಪ’. ಇವತ್ತು ಮಾತ್ರ ಎಲ್ಲರ ಬಾಯಲ್ಲೂ ‘ನಮ್ಮ ಸರ್’.

* * *

ಉಪ್ಪುನೀರಲ್ಲೂ ಬೆಳೆಯುವ ಗಿಡಗಳ ಮೇಲೆ ಅವರಿಬ್ಬರ ಕೆಲಸ. ಉಪ್ಪೇರಿ ಹಾಳಾದ ಹೊಲದಲ್ಲಿ ಮೇವು ಬೆಳೆಯಬೇಕೆಂಬುದು ಗುರಿ. ಸಾರಜನಕದ ಗೊಬ್ಬರ ಕೊಟ್ಟರೆ ಗಿಡ ಇನ್ನಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ, ಆದರೆ ಬೆಳಕು ಧಾರಾಳವಾಗಿರಬೇಕು ಎಂಬುದು ಅವಳ ವಾದ. ಗೊಬ್ಬರವೇ ದಂಡ ಎಂಬುದು ಅವನದು.

ಒಮ್ಮೆ ಅವಳು ಅಮ್ಮನ ಆಪರೇಷನ್ ಮಾಡಿಸಿ ರಜೆಯಿಂದ ಮರಳಿದರೆ, ಗಾಜಿನಮನೆಯಲ್ಲಿ ಅವಳ ಕುಂಡಗಳೆಲ್ಲ ಗೋಡೆಯ ನೆರಳಿಗೆ ಸರಿದಿದ್ದವು. ಉಪ್ಪೂ ಮೊದಲಿನಷ್ಟೇ, ಗೊಬ್ಬರವೂ ಮೊದಲಿನಷ್ಟೇ. ಬೆಳಕೊಂದಿಲ್ಲದೆ ಕಾಂಡಗಳು ಬಿಳುಚಿ, ಸೊರಗಿ, ಒಂದರ ಮೇಲೊಂದು ಒರಗಿದ್ದವು.

“ಜಾಗ ಬೇಕಿತ್ತು, ಸರಿಸಿದೆ,” ಎಂದ ಮುಖ್ಯಸ್ಥ.

ಮರುವಾರದ ಸಭೆಗೆ ಅವೇ ಗಿಡಗಳನ್ನು ಹೊತ್ತು ತರಿಸಿ, “ನೋಡಿ, ಈಕೆಯ ಗೊಬ್ಬರದ ಪ್ರತಾಪ,” ಎಂದು ತೋರಿಸಿದ. ಸಭೆ ನಕ್ಕಿತು. ಅವಳ ಪ್ರಯೋಗ ಅಲ್ಲಿಗೇ ನಿಂತಿತು. ನಿರ್ದೇಶಕರ ಬಳಿ ದೂರಿದರೆ, “ಹಿರಿಯರು, ಹೊಟ್ಟೆಗೆ ಹಾಕ್ಕೊಳ್ಳಮ್ಮ,” ಎಂದಿದ್ದರು.

* * *

ಮನೆಯ ಹಜಾರದಲ್ಲಿ ಪೆಟ್ಟಿಗೆಯ ಪಕ್ಕ ಕೂತಿದ್ದ ಮುಖ್ಯಸ್ಥನ ಹೆಂಡತಿ ಎದ್ದು ಬಂದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ.

“ಆ ನೆರಳಿನ ಗಿಡದವಳು ನೀನೇನಾ?”

“ಹೌದು. ನೆರಳಲ್ಲಿ ಸಾಯತ್ತೆ ಅಂತ ಗೊತ್ತಿದ್ದೇ ಇಟ್ರು.”

“ಗೊತ್ತು. ಮನೆಗೆ ಬಂದು ನಗ್ತಾ ಹೇಳಿದ್ರು. ಅವತ್ತು ಎರಡು ತುತ್ತು ಜಾಸ್ತಿ ಉಂಡ್ರು. ಇನ್ನೊಬ್ಬರದು ಕೆಟ್ಟ ದಿನಾನೇ ಈ ಮನೇಲಿ ನಗು. ನಾನೂ ಜೊತೆಗೆ ನಗ್ತಿದ್ದೆ. ಇನ್ನೇನು ಮಾಡ್ಲಿ? ಬೇರೆ ನಗು ಇರ್ಲಿಲ್ಲ.” ಹೂಗುಚ್ಛವನ್ನು ಕಿತ್ತುಕೊಂಡು ಮೂಲೆಗೆ ಎಸೆದಳು. “ನೋಡಿದ್ದಾಯ್ತಲ್ಲ, ಹೊರಡು.”

ಸಂಶೋಧಕಿ ಅಂಗಳಕ್ಕಿಳಿದಳು. ಒಳಗೆ ಪೆಟ್ಟಿಗೆ ಎತ್ತುವ ಗಡಿಬಿಡಿ. ನಿರ್ದೇಶಕರು ಒಂದು ಮೂಲೆ ಹಿಡಿದರು, ಶವವಾಹನದ ಚಾಲಕ ಒಂದು, ಕಚೇರಿಯ ಗುಮಾಸ್ತ ಒಂದು. ಉಳಿದ ಗಂಡಸರೆಲ್ಲ ತಮ್ಮ ತಮ್ಮ ಫೋನು ನೋಡುತ್ತಿದ್ದರು.

“ಇನ್ನೊಬ್ಬರು ಬನ್ರಪ್ಪ,” ಎಂದರು ನಿರ್ದೇಶಕರು. ಬಾಗಿಲಾಚೆ ಅವಳನ್ನು ಕಂಡು, “ನೀನಾದ್ರೂ ಕೈ ಹಾಕಮ್ಮ.”

ಅವಳು ಗೇಟು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು, ಅಷ್ಟೆ.

ಹೆಂಡತಿಯೇ ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟಳು. ಗಿಡ್ಡ ಹೆಂಗಸು. ಪೆಟ್ಟಿಗೆಯ ಭಾರವೆಲ್ಲ ಅವಳ ಕಡೆಗೇ ವಾಲಿಕೊಂಡು ಮೆಟ್ಟಿಲಿಳಿಯಿತು.