ಎಂಟು ಏತ, ಒಂದು ಸಲಾಕೆ

೧

ಎಂಜಿನ್ನಿನ ಕಥೆಯನ್ನು ಎಲ್ಲಿಂದ ಸ್ಟಾರ್ಟ್ ಮಾಡುವುದು? ಕೀಲಿಕೈಯಿಂದ ಎಂದರೆ ನೀವು ನಗುತ್ತೀರಿ. ನಾನೂ ನಕ್ಕು ಆ ವಾಕ್ಯವನ್ನು ಹೊಡೆದುಹಾಕಿದೆ. ಆಮೇಲೆ ಮಧುಗಿರಿ ಬೆಟ್ಟದಿಂದ ಶುರುಮಾಡಿದೆ: "೧೯೬೪ರ ಒಂದು ಬೆಳಗ್ಗೆ, ಏಕಶಿಲೆಯ ನೆತ್ತಿಗೆ ಎಳೆಬಿಸಿಲು ತಾಗುತ್ತಿದ್ದಂತೆ..." ಇಷ್ಟು ಬರೆಯುವಷ್ಟರಲ್ಲಿ ಜಗದಾಂಬ ಬಂದು ಬಾಗಿಲಲ್ಲಿ ನಿಂತಳು. (ಪಾತ್ರಗಳು ಎದ್ದು ಬರುವುದು ಈಚಿನ ಕಥೆಗಳಲ್ಲಿ ಫ್ಯಾಶನ್. ಇವಳು ಫ್ಯಾಶನ್ನಿಗೆ ಬಂದವಳಲ್ಲ, ಜಗಳಕ್ಕೆ ಬಂದವಳು.)

"ಬೆಟ್ಟ ಎಲ್ಲಿಗ್ ಹೋಯ್ತದೆ ಬುಡಿ ಸ್ವಾಮಿ, ಅಲ್ಲೇ ಇರ್ತದೆ. ನನ್ ಕಾರು ಹೆಂಗ್ ಒಡೀತು ಅನ್ನೋದ್ ಬರೀರಿ ಮೊದ್ಲು."

ಬೆಟ್ಟ ಹೋಯಿತು.

೨

ಜಗದಾಂಬ ಮಧುಗಿರಿಯ ಬಸ್ ಮಾಲೀಕ ಪರ್ವತಯ್ಯನ ಮಗಳು. ವಯಸ್ಸು ಮೂವತ್ತು ದಾಟಿತ್ತು. ಜಯಮಂಗಲಿ ಹೊಳೆಯ ಒಣ ಮರಳಿನಲ್ಲಿ ಅಪ್ಪನ ಹಳೇ ಲಾರಿ ಓಡಿಸಿ ಸ್ಟೀರಿಂಗ್ ಕಲಿತವಳು. ಮರಳಿನಲ್ಲಿ ಹೂತುಕೊಳ್ಳದೆ ಓಡಿಸಬಲ್ಲವಳಿಗೆ ಡಾಂಬರು ರಸ್ತೆ ಸಪ್ಪೆ ಎನ್ನುತ್ತಿದ್ದಳು. ತುಮಕೂರಿನ ಡಾಕ್ಟರೊಬ್ಬರಿಂದ ಹಳೆಯ ಫಿಯಟ್ ಒಂದನ್ನು ಕೊಂಡಳು. ಅರವತ್ತಮೂರರಲ್ಲಿ, ಬೆಂಗಳೂರಿನಾಚೆ ಯುದ್ಧಕಾಲದ ಹಳೆಯ ರನ್‌ವೇ ಒಂದರ ಮೇಲೆ ಕಾರ್ ರೇಸು ಏರ್ಪಾಡಾದಾಗ, ಅದನ್ನೇ ತೆಗೆದುಕೊಂಡು ಹೋದಳು.

ಆ ಎಂಜಿನ್ ಕಟ್ಟಿಕೊಟ್ಟವನು ಶಿರಾದ ಖಲೀಲುಲ್ಲಾ. ಪರ್ವತಯ್ಯನ ಬಸ್ಸುಗಳೆಲ್ಲ ಕೆಮ್ಮಿದರೂ ಸೀನಿದರೂ ಅವನ ಶೆಡ್ಡಿಗೇ ಬರುತ್ತಿದ್ದವು. ರೇಸಿನಲ್ಲಿ ನೇರ ದಾರಿ ಮುಗಿಯುವ ಹೊತ್ತಿಗೆ, ಕಾರು ತನ್ನ ಪೂರ್ತಿ ವೇಗದಲ್ಲಿದ್ದಾಗ, ವಾಲ್ವ್ ಒಂದು ತುಂಡಾಗಿ ಪಿಸ್ಟನ್ ಮೇಲೆ ಬಿತ್ತು. ಎಂಜಿನ್ ಕಚ್ಚಿಕೊಂಡಿತು. ಕಾರು ಬುಗುರಿಯಂತೆ ತಿರುಗಿ ಮರಳುಮೂಟೆಗಳಿಗೆ ಬಡಿಯಿತು. ಜಗದಾಂಬಳ ಕೊರಳೆಲುಬು ಮುರಿಯಿತು.

ಖಲೀಲುಲ್ಲಾ ಎಂಜಿನ್ ಬಿಚ್ಚಿ ನೋಡಿದ. ತುಂಡಾದ ವಾಲ್ವಿನ ಕಡ್ಡಿ ಒಂದೇ ಪಕ್ಕ ಸವೆದಿತ್ತು. ಅದನ್ನು ಮೇಲಿನಿಂದ ಒತ್ತುವ ರಾಕರ್ ನೇರವಾಗಿ ಕೆಳಕ್ಕೆ ಒತ್ತದೆ, ಪ್ರತಿ ಸಲವೂ ಚೂರು ಚೂರೇ ಪಕ್ಕಕ್ಕೆ ತಳ್ಳಿತ್ತು. ಕೂರಿಸಿದ್ದು ಅವನದೇ ಕೈ. ಅವತ್ತಿನಿಂದ ರೇಸಿನ ಎಂಜಿನ್ ಮುಟ್ಟುವುದಿಲ್ಲ ಎಂದುಬಿಟ್ಟ.

೨ (ಇನ್ನೊಂದು ಸಲ)

ತಡೆಯಿರಿ. ರಾಕರ್ ಅಂದರೇನು ಎಂದು ಹೇಳದೆ ಮುಂದೆ ಹೋದರೆ ನೀವು ಪುಟ ತಿರುವಿಬಿಡುತ್ತೀರಿ. ಏತ ನೋಡಿದ್ದೀರಲ್ಲ? ಬಾವಿಯ ಮೇಲಿನ ಆ ಮರ. ಒಂದು ತುದಿ ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ. ರಾಕರ್ ಎಂದರೆ ಬೆರಳುದ್ದದ ಉಕ್ಕಿನ ಏತ. ಕೆಳಗಿನಿಂದ ಒಂದು ಸರಳು ಅದರ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿ ಬಗ್ಗಿ ವಾಲ್ವನ್ನು ಒತ್ತುತ್ತದೆ, ಎಂಜಿನ್ ಉಸಿರು ತೆಗೆದುಕೊಳ್ಳುತ್ತದೆ ಇಲ್ಲವೇ ಬಿಡುತ್ತದೆ. ಅಂಥ ಎಂಟು ಏತಗಳು ಒಂದೇ ಸಲಾಕೆಗೆ ಪೋಣಿಸಿಕೊಂಡು ಕೂತಿರುತ್ತವೆ. ಸಲಾಕೆಯನ್ನು ಪುಟ್ಟ ಕಂಬಗಳು ಹೊತ್ತಿರುತ್ತವೆ. ಸಲಾಕೆಯ ಒಳಗೆ ಟೊಳ್ಳು, ಅದರೊಳಗೆ ಎಣ್ಣೆ.

(ಎಂಜಿನ್ ರಭಸದಲ್ಲಿದ್ದಾಗ ಒಂದೊಂದು ಏತವೂ ನಿಮ್ಮ ಎದೆ ಒಮ್ಮೆ ಬಡಿಯುವಷ್ಟರಲ್ಲಿ ಹತ್ತಾರು ಸಲ ಬಗ್ಗಿ ಏಳುತ್ತದೆ. ಇದನ್ನು ಮೊದಲು ಕೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದೆ. ನೀವೂ ಬೇಕಾದರೆ ಕೂತುಕೊಳ್ಳಿ.)

೩

ಮೂಳೆ ಕೂಡಿದ ಮೇಲೆ ಜಗದಾಂಬ ದೊಡ್ಡ ವಾಲ್ವುಗಳನ್ನೂ, ಸರಳುಗಳನ್ನು ಎತ್ತಿ ಅವನ್ನು ಹೆಚ್ಚು ತೆರೆಯುವ ಹೊಸ ಕ್ಯಾಮನ್ನೂ ಮದ್ರಾಸಿನಿಂದ ತರಿಸಿ ಶಿರಾಕ್ಕೆ ಬಂದಳು.

"ಆಗಲ್ಲ ಅಮ್ಮಾ," ಎಂದ ಖಲೀಲುಲ್ಲಾ. "ಬಸ್ ಕೆಟ್ರೆ ಜನ ಇಳ್ಕಂಡು ನಡೀತಾರೆ. ನಿಮ್ ಕಾರ್ ಕೆಟ್ರೆ ನಿಮ್ಮಪ್ಪೋರ್ ಮುಂದೆ ಯಾವ್ ಮುಖ ಇಟ್ಕಂಡ್ ನಿಂತ್ಕಳ್ಲಿ?"

"ಬ್ಯಾರೆಯೋರ್ ತಾವ ಮಾಡಿಸ್ಕಂಡ್ ಹೋಗಿ ಸತ್ರೆ? ನಿದ್ದೆ ಬತ್ತದಾ ನಿಮ್ಗೆ?"

ಶೆಡ್ಡಿನ ಹಿಂದೆಯೇ ಖಲೀಲುಲ್ಲಾನ ಮನೆ. ಪರದೆಯ ಆಚೆಯಿಂದ ಅವನ ಹೆಂಡತಿ ಸಾಬೀರಾ ಉತ್ತರ ಕೊಟ್ಟಳು.

"ಈಗ್ಲೂ ಬರಲ್ಲ ಅಕ್ಕಾ. ಆವತ್ತಿಂದ ಸೂರು ನೋಡ್ಕಂಡೇ ಮಲಗ್ತಾರೆ. ಮಾಡ್ಬುಡ್ಲಿ ಅನ್ನಿ. ಆದ್ರೆ ಆ ಶೈತಾನ್ ಮಿಶೀನ್ ನನ್ ಕಣ್ಣಿಗ್ ಬೀಳ್ಬಾರ್ದು."

"ನಾನ್ ಹತ್ರಾನೇ ಇರ್ತೀನಿ ಸಾಬ್ರೆ," ಎಂದಳು ಜಗದಾಂಬ. "ನೀವ್ ತಪ್ಪು ಮಾಡಿದ್ರೆ ನಾನ್ ನೋಡ್ತೀನಿ, ನಾನ್ ನೋಡ್ದಿದ್ರೆ ನೀವ್ ನೋಡಿ. ಇಬ್ರಿಗೂ ಕಣ್ಣಿದಾವಲ್ಲ."

ಖಲೀಲುಲ್ಲಾ ಅಂಗಿಯ ತೋಳು ಮಡಚಿದ.

೪

ಇಲ್ಲೊಂದು ಡ್ರಾಫ್ಟ್ ಸತ್ತಿತು. ಅದರಲ್ಲಿ ಖಲೀಲುಲ್ಲಾ ಕಣ್ಣುಮುಚ್ಚಿ ಬೆರಳಾಡಿಸಿ ಒಂದೇ ಏಟಿಗೆ ಎಲ್ಲ ರಾಕರುಗಳನ್ನೂ ಸರಿಯಾಗಿ ಕೂರಿಸುತ್ತಿದ್ದ. ಓದಿ ಸ್ವತಃ ಅವನೇ ಸಿಟ್ಟಾದ.

"ಕಣ್ ಮುಚ್ಕಂಡಾ? ಹಂಗ್ ಮಾಡಿದ್ದಕ್ಕೇ ಅಲ್ವಾ ಸ್ವಾಮಿ ಆಯಮ್ಮನ ಮೂಳೆ ಮುರಿದಿದ್ದು?"

ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ. ವಾಲ್ವ್ ಕೂರುವ ಸೀಟನ್ನು ಆಳಕ್ಕೆ ಕೊರೆದು ಕೂರಿಸಿದ್ದರಿಂದ ಹೊಸ ವಾಲ್ವುಗಳ ತುದಿ ಮೊದಲಿಗಿಂತ ಮೇಲೆ ನಿಂತಿತ್ತು. ಏತಗಳು ಅದೇ ಹಳೆಯ ಎತ್ತರದಲ್ಲಿದ್ದವು. ಖಲೀಲುಲ್ಲಾ ಸಾಬೀರಾಳ ಸುರ್ಮಾ ಡಬ್ಬಿ ಕೇಳಿ ಪಡೆದು, ಕಡ್ಡಿಯಿಂದ ಒಂದು ವಾಲ್ವಿನ ತುದಿಗೆ ಕಪ್ಪು ಹಚ್ಚಿದ. (ಸುರ್ಮಾ! ಸಾಹಿತ್ಯ ಜಾಸ್ತಿಯಾಯಿತು ಎಂದು ತೆಗೆಯಲು ಹೋದೆ. "ನನ್ ಸುರ್ಮಾ ತಗಂಡು ನನ್ ಹೆಸ್ರು ಬುಟ್ಬುಡ್ತೀರಾ?" ಎಂದಳು ಸಾಬೀರಾ. ಇಟ್ಟೆ.) ಜಗದಾಂಬ ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದಳು. ಏತ ಬಗ್ಗಿತು, ಎದ್ದಿತು. ಸಲಾಕೆ ಬಿಚ್ಚಿ ನೋಡಿದರೆ ವಾಲ್ವಿನ ನೆತ್ತಿಯ ಕಪ್ಪಿನಲ್ಲಿ ಅಗಲವಾಗಿ ಒರೆಸಿದ ಗುರುತು, ಹೊರ ಅಂಚಿನವರೆಗೂ.

"ಇದೇ," ಎಂದ ಖಲೀಲುಲ್ಲಾ. ಅವನ ದನಿ ಇಳಿದಿತ್ತು. "ಹಿಂಗೇ ತಳ್ತಿತ್ತು ಹೋದ್ಸಲಾನೂ. ನಾನ್ ನೋಡಿರ್ಲಿಲ್ಲ."

"ಈಗ್ ನೋಡುದ್ರಲ್ಲ. ಎತ್ತಿ."

ಕಂಬಗಳ ಅಡಿಗೆ ಹಿತ್ತಾಳೆ ತಗಡು ಕತ್ತರಿಸಿ ಇಟ್ಟರು. ಮತ್ತೆ ಕಪ್ಪು, ಮತ್ತೆ ಬಗ್ಗಿಸುವುದು, ಮತ್ತೆ ಬಿಚ್ಚುವುದು. ಗುರುತು ಸ್ವಲ್ಪ ಒಳಗೆ ಸರಿಯಿತು. ಇನ್ನೊಂದು ತೆಳು ತಗಡು. ಮತ್ತೆ. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೊಮ್ಮೆ ಬಿಚ್ಚಿದಾಗ ವಾಲ್ವಿನ ನೆತ್ತಿಯ ನಟ್ಟನಡುವೆ ದಾರದಂಥ ಒಂದು ಗೆರೆ ಮಾತ್ರ ಹೊಳೆಯುತ್ತಿತ್ತು.

ಅಷ್ಟು ಬಗ್ಗಿ ಎದ್ದರೂ ಇಷ್ಟೇ ಇಷ್ಟು ಜಾಗದಲ್ಲಿ! ಜಗದಾಂಬ ಉಸಿರು ಬಿಗಿಹಿಡಿದು ನೋಡಿದಳು. ಎಂಟೂ ವಾಲ್ವಿನ ಮೇಲೆ ಅದೇ ಗೆರೆ ಬರುವವರೆಗೆ ಅವರು ಬಿಡಲಿಲ್ಲ.

೫

ಮಾರನೇ ಬೆಳಗ್ಗೆ ಎಂಜಿನ್ನಿನ ನೆತ್ತಿಯ ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿದರು, ಎಣ್ಣೆ ಮೇಲೆ ಬರುವುದನ್ನು ಕಣ್ಣಾರೆ ನೋಡಬೇಕೆಂದು. ಏತಗಳು ಕುಣಿದವು. ಎಣ್ಣೆ ಬರಲಿಲ್ಲ.

ಥಟ್ಟನೆ ಖಲೀಲುಲ್ಲಾನ ಕೈ ಕೀಲಿಗೆ ಹೋಯಿತು. ಎಂಜಿನ್ ನಿಂತಿತು. ಎಣ್ಣೆ ಕೆಳಗಿನಿಂದ ಹತ್ತಿ ಬರುವುದು ಒಂದೇ ಒಂದು ಕಂಬದ ಒಳಗಿನ ತೂತಿನಿಂದ. ಅವನು ಇಟ್ಟ ತಗಡು ಆ ತೂತನ್ನೇ ಮುಚ್ಚಿಬಿಟ್ಟಿತ್ತು.

"ತೌಬಾ! ನೋಡುದ್ರಾ ಅಮ್ಮಾ, ನೋಡುದ್ರಾ ನನ್ ಕೈಗುಣ?" ಪಾನಾ ನೆಲಕ್ಕೆ ಬಿತ್ತು. "ನನ್ ಕೈಲಾಗಲ್ಲ. ತಗಂಡ್ ಹೋಗ್ಬುಡಿ."

"ಏನ್ ಕೆಡ್ತು ಈಗ?"

"ಕೆಡ್ತಿತ್ತಲ್ಲ!"

"ನೀವ್ ನಿಲ್ಸುದ್ರಲ್ಲ," ಎಂದಳು ಜಗದಾಂಬ. "ಕೀಲಿ ತಿರ್ಸಿದ್ದು ಯಾರು? ನಾನಂತೂ ಆ ಕುಣಿತ ನೋಡ್ತಾ ಮೈಮರ್ತಿದ್ದೆ. ನೀವು ಎಣ್ಣೆ ನೋಡ್ತಿದ್ರಿ. ನಂಗ್ ಬೇಕಿರೋದು ಅಂಗ್ ನೋಡೋ ಮನ್ಸ, ತಪ್ಪೇ ಮಾಡ್ದಿರೋ ದೇವ್ರಲ್ಲ."

ಅವಳೇ ಪಾನಾ ಎತ್ತಿಕೊಂಡು ಆ ಕಂಬ ಬಿಚ್ಚಿ, ತಗಡನ್ನು ಮರದ ತುಂಡಿನ ಮೇಲಿಟ್ಟು, ಪಂಚಿನಿಂದ ತೂತು ಹೊಡೆದಳು. ಮೊದಲ ಏಟು ಓರೆಯಾಯಿತು. ಖಲೀಲುಲ್ಲಾಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ," ಎಂದು ಕಸಿದುಕೊಂಡು ಹೊಸ ತಗಡು ಕತ್ತರಿಸಿದ.

ಎರಡನೇ ಸಲ ಸ್ಟಾರ್ಟ್ ಮಾಡಿದಾಗ ಇಬ್ಬರೂ ಸಲಾಕೆಯ ಮೇಲೆ ಬಗ್ಗಿದರು. ನಮ್ಮ ಕಡೆ ಹೊಳೆಯ ಮರಳು ಬಗೆದು ತಲಪರಿಗೆ ತೋಡುವಾಗ, ಒಣಮರಳಿನ ಬಣ್ಣ ಮೊದಲು ಚೂರು ಕಪ್ಪಾಗಿ, ಆಮೇಲೆ ತಣ್ಣಗೆ ನೀರು ಜಿನುಗುತ್ತದಲ್ಲ, ಹಾಗೆ ಮೊದಲ ಏತದ ಸಂದಿನಲ್ಲಿ ಒಂದು ಹನಿ ಮಿಂಚಿತು. ಆಮೇಲೆ ಎರಡನೆಯದರಲ್ಲಿ. ಸಲಾಕೆಯುದ್ದಕ್ಕೂ ಒಂದಾದ ಮೇಲೊಂದು ಏತ ಒದ್ದೆಯಾಗುತ್ತ ಹೋಯಿತು. ಕೊನೆಯದು ತಡಮಾಡಿತು, ಅದೂ ಮಿಂಚಿತು.

"ಬಂತು," ಎಂದ ಖಲೀಲುಲ್ಲಾ. ಆಮೇಲೆ ಮುಖ ತಿರುಗಿಸಿ ನಿಂತ.

೬

ಈಗ ರೇಸು, ಅರವತ್ತನಾಲ್ಕರದು, ಅದೇ ರನ್‌ವೇ ಮೇಲೆ. ಒಂದು ಅಂತ್ಯದಲ್ಲಿ ಜಗದಾಂಬ ಗೆದ್ದು ಕಪ್ ಹಿಡಿದು ಮಧುಗಿರಿಗೆ ಬರುತ್ತಾಳೆ, ಪರ್ವತಯ್ಯ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆಸುತ್ತಾನೆ. ಅವಳೇ ಹರಿದುಹಾಕಿದಳು. "ಮುಂದಿದ್ದೋರ್ದು ದೊಡ್ ಎಂಜಿನ್ನು ಕಣ್ರೀ, ಸುಳ್ಳು ಬರೀಬ್ಯಾಡಿ." ಇನ್ನೊಂದರಲ್ಲಿ ಮತ್ತೆ ವಾಲ್ವ್ ಮುರಿಯುತ್ತದೆ. ಅದನ್ನು ನಾನೇ ಹರಿದೆ. ಖಲೀಲುಲ್ಲಾ ಓದಿಬಿಡುತ್ತಾನೆಂಬ ಭಯಕ್ಕೆ.

ನಡೆದದ್ದು ಇಷ್ಟು. ಅವಳು ಐದನೆಯವಳಾಗಿ ಗುರಿ ಮುಟ್ಟಿದಳು. ಹೋದ ಸಲ ಕಾರು ಬುಗುರಿಯಾಗಿದ್ದ ಆ ನೇರ ದಾರಿಯ ಕೊನೆಯಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ತಂತಾನೇ ಹಿಂದೆ ಸರಿಯಿತಂತೆ, ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿನಲ್ಲಿ ಎಂಜಿನ್ನಿನ ದನಿಗೆ ಕಿವಿಕೊಟ್ಟಳು. ಅದರಲ್ಲಿ ಒಂದೂ ಅಪಸ್ವರವಿರಲಿಲ್ಲ. ಕಾಲು ಹಿಂದೆ ಸರಿಯಲಿಲ್ಲ.

ಬಹುಮಾನವಿಲ್ಲ, ಫೋಟೋ ಇಲ್ಲ. ಅಲ್ಲಿಂದ ಅದೇ ಕಾರಿನಲ್ಲಿ, ಮನೆಗೂ ಹೋಗದೆ, ಕಳ್ಳಂಬೆಳ್ಳ ದಾಟಿ ನೇರ ಶಿರಾಕ್ಕೆ ಬಂದಳು.

೭

ಶೆಡ್ಡಿನ ಮುಂದೆ ಕಾರು ನಿಂತಾಗ ಖಲೀಲುಲ್ಲಾ ಎಷ್ಟನೇ ಸ್ಥಾನ ಎಂದು ಕೇಳಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೂಳೆಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಆಮೇಲೆ ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ಎಂಜಿನ್ ಓಡಿಸಿ ನೋಡಿದ.

ಗಂಡ ಜೋರಾಗಿ ನಗುವುದು ಕೇಳಿ ಸಾಬೀರಾ ಪರದೆ ಸರಿಸಿ ಹೊರಗೆ ಬಂದಳು. ಮದುವೆಯಾದಂದಿನಿಂದ ಎಂಜಿನ್ನಿನ ಸದ್ದಿನಲ್ಲೇ ಅಡಿಗೆ ಮಾಡಿದವಳು, ಒಳಗೆ ನೋಡಿದವಳಲ್ಲ. ಸೆರಗು ಒತ್ತಿ ಹಿಡಿದು ಬಗ್ಗಿದಳು. ಎಂಟು ಏತಗಳು ಎಣ್ಣೆಯಲ್ಲಿ ಮಿಂದು, ಬಿಸಿಲಿಗೆ ಹೊಳೆಯುತ್ತ, ಒಂದು ಬಗ್ಗಿದರೆ ಇನ್ನೊಂದು ಏಳುತ್ತ, ಯಾವುದೂ ಯಾವುದಕ್ಕೂ ತಾಗದೆ, ಯಾವುದೂ ತನ್ನ ಸರದಿ ತಪ್ಪದೆ ಆಡುತ್ತಿದ್ದವು. ಜಗದಾಂಬ ಕಾರಿನೊಳಗಿಂದ ಆಕ್ಸಿಲರೇಟರ್ ತುಸು ಒತ್ತಿದಳು. ಏತಗಳು ಮಸುಕಾಗಿ, ಬರೀ ಬೆಳಕಾದವು.

"ಯಾ ಅಲ್ಲಾ," ಎಂದಳು ಸಾಬೀರಾ. ಇನ್ನಷ್ಟು ಬಗ್ಗಿ, "ಇದೆಲ್ಲಾ ಒಳಗೇ ನಡೀತಿತ್ತಾ? ನಾನ್ ಬರೀ ಸದ್ದು ಅಂದ್ಕಂಡಿದ್ನಲ್ಲಾ!"

ಖಲೀಲುಲ್ಲಾ ಮುಚ್ಚಳ ಕೈಗೆತ್ತಿಕೊಂಡ. "ಮುಚ್ಲಾ?"

"ಇರ್ರೀ!" ಎಂದಳು ಅವಳು.

ಖಲೀಲ್ ಸಾಬ್ರೆ, ಕಥೆ ಮುಗಿಸಬೇಕು, ಪುಟ ತೀರುತ್ತಿದೆ, ದಯವಿಟ್ಟು ಮುಚ್ಚಿ ಎಂದೆ ನಾನು. ಮೂವರಲ್ಲಿ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ನಾನೂ ಪೆನ್ನು ಬಿಟ್ಟು ಸಾಬೀರಾಳ ಪಕ್ಕ ಬಗ್ಗಿ ನಿಂತೆ. ಇನ್ನೊಬ್ಬರಿಗೆ ಜಾಗವಿದೆ, ಬನ್ನಿ. ಎಣ್ಣೆ ಸಿಡಿಯುತ್ತದೆ, ಬಿಳಿ ಅಂಗಿ ಬೇಡ.